ಇಂಗ್ಲಿಷಿನಲ್ಲೂ ದೃಷ್ಟಿ ಆಗುತ್ತಾ?

ಹಾಸನದ ಶಾಲೆಯಿಂದ ಮೊಬೈಲಿಗೆ ಮೆಸೇಜು ಬಂದಾಗ ನಾನು ಹೊಗೆಸೊಪ್ಪಿನ ರಾಶಿಯ ಮುಂದೆ ಕೂತು ಎಲೆ ವಿಂಗಡಿಸುತ್ತಿದ್ದೆ. ಮೆಸೇಜು ಇಂಗ್ಲಿಷಿನಲ್ಲಿತ್ತು, ಮಗಳೇ ಓದಿ ಹೇಳಿದಳು. ಅವಳು ಬರೆದ ಪರೀಕ್ಷೆ ಪಾಸಾಗಿದೆ. ಸಂಕ್ರಾಂತಿ ಕಳೆದ ಮೇಲೆ ಅಪ್ಪ ಅಮ್ಮ ಇಬ್ಬರೂ ಮಗುವನ್ನು ಕರೆದುಕೊಂಡು ಬಂದು ಪ್ರಿನ್ಸಿಪಾಲರ ಜೊತೆ ಮಾತಾಡಬೇಕು. ಆಮೇಲೆ ಸೀಟಿನ ವಿಷಯ ತಿಳಿಸುತ್ತಾರೆ. ಅವಳು ಸೊಪ್ಪಿನ ರಾಶಿ ಸುತ್ತ ಕುಣಿದಳು. ಅವಳೇನೋ ಪಾಸಾಗಿದ್ದಳು, ಇನ್ನು ಪಾಸಾಗಬೇಕಾದವಳು ನಾನು.

ನಮ್ಮೂರು ಅರಕಲಗೂಡಿನಿಂದ ಒಳಗಡೆ. ಹೊಗೆಸೊಪ್ಪು, ಶುಂಠಿ, ಮುಸುಕಿನ ಜೋಳ ಬೆಳೆಯುತ್ತೇವೆ. ಮಗಳು ಓದುತ್ತಿದ್ದ ಅರಕಲಗೂಡಿನ ಇಂಗ್ಲಿಷ್ ಮೀಡಿಯಂ ಶಾಲೆ ನಾಲ್ಕನೇ ಕ್ಲಾಸಿಗೇ ಮುಗಿದುಹೋಗುತ್ತದೆ. ಐದನೆಯದಕ್ಕೆ ಎಲ್ಲಾದರೂ ಸೇರಿಸಬೇಕಿತ್ತು. ಪರೀಕ್ಷೆ ಬರೆಯಲು ಹೋದ ದಿನ ಅವಳು ಆ ಹಾಸನದ ಶಾಲೆಯಲ್ಲಿ ಒಂದು ಕೋಣೆ ನೋಡಿಕೊಂಡು ಬಂದಿದ್ದಳು. ಗೋಡೆ ತುಂಬ ಪುಸ್ತಕ, ನೆಲಕ್ಕೆ ಚಾಪೆ, ಮಕ್ಕಳು ಮಲಗಿಕೊಂಡು ಓದುತ್ತಿದ್ದರಂತೆ. 'ಮಲಗ್ಕೊಂಡ್ ಓದಿದ್ರೂ ಯಾರೂ ಬೈಯಲ್ಲಮ್ಮ' ಎಂದು ಅವತ್ತಿನಿಂದ ಅದೊಂದೇ ಜಪ. ಬೇರೆ ಶಾಲೆಯ ಮಾತೆತ್ತಿದರೆ ಊಟ ಬಿಟ್ಟು ಏಳುತ್ತಿದ್ದಳು.

ಅರಕಲಗೂಡಿನ ಬಸ್ಸಿನಲ್ಲಿ ನಾಲ್ಕು ಹೆಂಗಸರು ಸೇರಿದರೆ ಈಗ ಸೀರೆಗಿಂತ ಶಾಲೆಯ ಮಾತೇ ಹೆಚ್ಚು. 'ತಾಯಿಗೆ ಇಂಗ್ಲೀಸ್ ಬರ್ದೆ ಇದ್ರೆ ಆ ಸ್ಕೂಲಲ್ಲಿ ಸೀಟ್ ಕೊಡಕಿಲ್ವಂತೆ ಕಣಕ್ಕ' ಎಂದು ಒಬ್ಬಳು ಹೇಳಿದಳು. ಹೊಳೆನರಸೀಪುರದ ಕಡೆಯ ಯಾರದೋ ಮಗು ಎಲ್ಲದರಲ್ಲೂ ಮುಂದಿದ್ದರೂ ತಾಯಿ ಬಾಯಿ ಬಿಡಲಿಲ್ಲವೆಂದು ವಾಪಸ್ ಕಳಿಸಿದರಂತೆ. ಆ ತಾಯಿಯನ್ನು ನೋಡಿದವರು ಬಸ್ಸಿನಲ್ಲಿ ಒಬ್ಬರೂ ಇರಲಿಲ್ಲ. ಆದರೂ ಆ ಹೆಂಗಸು ನನ್ನ ಕಣ್ಣಿಗೆ ಕಟ್ಟಿದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ತಲೆ ಬಗ್ಗಿಸಿ ಕೂತಿದ್ದಾಳೆ, ಪಕ್ಕದಲ್ಲಿ ಮಗು ಅವಳ ಮುಖವನ್ನೇ ನೋಡುತ್ತಿದೆ. ಕನಸಿನಲ್ಲೂ ಬಂದಳು ಪುಣ್ಯಾತ್ಗಿತ್ತಿ.

ನಾನೇನು ಓದದವಳಲ್ಲ. ಕಟ್ಟಾಯ ನನ್ನ ತವರು. ಅಲ್ಲಿಯ ಕನ್ನಡ ಶಾಲೆಯಲ್ಲಿ ಕಲಿತು ಪಿಯುಸಿ ಮುಗಿಸಿದವಳು. ಕೈಗೆ ಸಿಕ್ಕಿದ ಕಾದಂಬರಿ ಬಿಟ್ಟವಳಲ್ಲ, ಕನ್ನಡದಲ್ಲಿ ಬಾಯಿಗೆ ಬಾಯಿ ಕೊಟ್ಟರೆ ನಮ್ಮ ಅತ್ತೆಯೂ ಹಿಂದೆ ಸರಿಯುತ್ತಾರೆ. ಆದರೆ ಕಾಲೇಜಿನಲ್ಲಿ ಒಮ್ಮೆ ಇಂಗ್ಲಿಷ್ ಪಾಠವನ್ನು ಎದ್ದು ನಿಂತು ಓದಲು ಹೇಳಿದ್ದರು. ಓದಿದೆ, ಇಡೀ ಕ್ಲಾಸು ನಕ್ಕಿತು, ಓದಿಸಿದವರೂ ನಕ್ಕರು. ಅವತ್ತಿನಿಂದ ಎದುರಿಗೆ ಯಾರಾದರೂ ಇಂಗ್ಲಿಷ್ ಶುರು ಮಾಡಿದರೆ ಸಾಕು, ನನ್ನ ಕಿವಿ ಕೆಲಸ ನಿಲ್ಲಿಸಿಬಿಡುತ್ತದೆ. ಪರೀಕ್ಷೆಗೆ ಉರು ಹೊಡೆದು ಪಾಸು ಮಾಡಿದೆ, ಅಷ್ಟೆ. ಬುದ್ಧಿ ಇದ್ದೂ ಆ ಒಂದು ಭಾಷೆಯ ಮುಂದೆ ಪೆದ್ದಿಯಾಗಿ ನಿಲ್ಲುವುದಿದೆಯಲ್ಲ, ಅದು ನನಗೆ ಭಯಕ್ಕಿಂತ ಮೊದಲು ಸಿಟ್ಟು ತರಿಸುತ್ತಿತ್ತು. ಆಮೇಲೆ ಭಯವೇ ಉಳಿಯುತ್ತಿತ್ತು.

ನಮ್ಮ ಯಜಮಾನರಿಗೆ ಇದ್ಯಾವುದರ ಬಿಸಿಯೂ ತಟ್ಟಲಿಲ್ಲ. 'ಅವ್ರು ಏನ್ ಕೇಳುದ್ರೂ ನಾನು ಎಸ್ ಮೇಡಂ ಅಂತೀನಿ, ಮಿಕ್ಕಿದ್ದು ನೀನ್ ನೋಡ್ಕ' ಎಂದುಬಿಟ್ಟರು.

ಅವರ ತಂಗಿ, ಅಂದರೆ ನನ್ನ ನಾದಿನಿ, ಚನ್ನರಾಯಪಟ್ಟಣದಲ್ಲಿ ಹೈಸ್ಕೂಲ್ ಮೇಡಂ. ಅವಳಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅವಳು ಸ್ವಲ್ಪ ಹೊತ್ತು ಅಳಲು ಬಿಟ್ಟು ಆಮೇಲೆ, 'ಅತ್ತಿಗೆ, ಗ್ರಾಮರು ಮನೆ ಹಾಳಾಗ್ಲಿ. ಅದುನ್ನ ಮುಟ್ಲೇಬೇಡಿ. ದಿನಾ ಕೈಗೆ ಏನ್ ಸಿಕ್ಕುತ್ತೋ, ಬಾಯಲ್ಲಿ ಏನ್ ಬತ್ತದೋ, ಅದುಕ್ಕೆಲ್ಲ ಇಂಗ್ಲಿಷಲ್ಲಿ ಏನಂತಾರೆ ಅಂತ ಕಲ್ತ್ಕಳಿ. ಪದ ಇದ್ರೆ ಮಾತು ಹೆಂಗೋ ಹುಟ್ಕೊತದೆ' ಎಂದಳು. ಮನೆಯಲ್ಲೇ ಮೇಷ್ಟ್ರು ಇದ್ದಾಳಲ್ಲ, ಮಗಳನ್ನೇ ಕೇಳಿ ಎಂದಳು.

ಹಾಗೆ ನನ್ನ ಪಾಠ ಅಡುಗೆಮನೆಯಿಂದ ಶುರುವಾಯಿತು. ಸೌಟು ಲೇಡಲ್. ಮುಚ್ಚಳ ಲಿಡ್. ಜರಡಿ ಸೀವ್. ಇಕ್ಕಳ ಟಾಂಗ್ಸ್. ಸಾರು ಕುದಿಯುವಾಗ ಬಾಯಿಲಿಂಗ್, ಉಕ್ಕಿದರೆ ಬೇರೆ, ತಳ ಹಿಡಿದರೆ ಬೇರೆ. ಮೊರಕ್ಕೆ ಏನು ಎಂದು ಕೇಳಿದೆ. ಮಗಳು ಮೊಬೈಲಿನಲ್ಲಿ ಹುಡುಕಿ ಹುಡುಕಿ, 'ಇದಕ್ಕೆ ಒಂದು ಸಾಲೇ ಹೇಳ್ಬೇಕಮ್ಮ, ಪ್ರಿನ್ಸಿಪಾಲ್ ಮೊರ ಕೇಳಲ್ಲ ಬಿಡು' ಎಂದಳು. ಅವಳು ಶಾಲೆಯಿಂದ ಬಂದು ಕೈಕಾಲು ತೊಳೆದು ನನ್ನ ಪಕ್ಕ ಸೊಪ್ಪಿನ ಮುಂದೆ ಕೂರುವಳು. ನಾನು ಎಲೆಯನ್ನು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆಗೆ ಹಾಕುತ್ತ ಹೋದರೆ ಅವಳು ಹಿಂದಿನ ದಿನದ ಪದಗಳನ್ನು ಒಪ್ಪಿಸಿಕೊಳ್ಳುವಳು. ತಪ್ಪಿದರೆ ಒಂದು ಒಣ ಎಲೆಯಿಂದ ನನ್ನ ಮಂಡಿಗೆ ಹೊಡೆಯುವಳು.

ಒಂದು ದಿನ ನಾನು ಯಜಮಾನರಿಗೆ, 'ಸ್ಟಾರ್ಟರ್ ಫ್ಯೂಸ್ ಹೋಗದೆ, ಪೈಪಿನ ವಾಲ್ವ್ ತಿರುಗ್ಸಿ, ಬ್ಯಾರನ್ ಬೀಗ ಹಾಕಿ' ಎಂದು ಕೂಗಿ ಹೇಳುತ್ತಿದ್ದೆ. ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸುವ ಮನೆಗೆ ನಾವು ಬ್ಯಾರನ್ ಎನ್ನುತ್ತೇವೆ. ಮಗಳು ನಗತೊಡಗಿದಳು. 'ಅಮ್ಮಾ, ಅದರಲ್ಲಿ ಮುಕ್ಕಾಲು ಇಂಗ್ಲಿಷೇ!' ನಾನು ಅವೆಲ್ಲ ನಮ್ಮವೇ ಎಂದುಕೊಂಡಿದ್ದೆ. ಅವತ್ತು ಸಂಜೆಯವರೆಗೆ ನನಗೆ ಸ್ವಲ್ಪ ಧೈರ್ಯ ಬಂದಿತ್ತು. ಸಂಜೆ ಕನ್ನಡಿ ಮುಂದೆ ನಿಂತು 'ಗುಡ್ ಮಾರ್ನಿಂಗ್ ಮೇಡಂ, ಐ ಆಮ್' ಎಂದೆ. ಮುಂದೆ ನಾನು ಏನು ಎಂಬುದೇ ಮರೆತುಹೋಯಿತು.

ಕನ್ನಡಿಯಲ್ಲಿರುವವಳೂ ನನ್ನನ್ನು ನೋಡಿ ನಗುತ್ತಾಳೆ ಅನ್ನಿಸಿ ಕೊನೆಗೆ ಹಸುವಿನ ಜೊತೆ ಅಭ್ಯಾಸ ಮಾಡಿದೆ. ಹಾಲು ಕರೆಯುವಾಗ 'ಕಮ್, ಟರ್ನ್, ಡೋಂಟ್ ಕಿಕ್, ಗುಡ್ ಗರ್ಲ್' ಎನ್ನುವುದು. ಅದು ಪಾಪ ಎಲ್ಲದಕ್ಕೂ ಒಂದೇ ಥರ ನೋಡುತ್ತಿತ್ತು. ಯಜಮಾನರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, 'ಅದುಕ್ಕೂ ಹಾಸನದಲ್ಲಿ ಸೀಟ್ ಕೊಡುಸ್ತೀಯೇನಮ್ಮಿ?' ಎಂದರು. ಹಾಲಿನ ಚೊಂಬನ್ನೇ ಎಸೆಯಬೇಕು ಅನ್ನಿಸಿತು.

ಎಲ್ಲಕ್ಕಿಂತ ಬೇಗ ನಾಲಿಗೆಗೆ ಹತ್ತಿದ್ದು ಬೈಗುಳ. ಏಕೆಂದರೆ ನಾನು ಬೆಳಗ್ಗೆಯಿಂದ ರಾತ್ರಿಯವರೆಗೆ ಮಗಳಿಗೆ ಆಡುವ ಮಾತೆಲ್ಲ ಅದೇ. ಸೋಂಬೇರಿ ಏಳು, ಮೊಂಡಿ, ಕೊಳಕಿ, ನಿಧಾನಗಿತ್ತಿ, ನಿನ್ ಕೈಲಿ ಏನಾಗ್ತದೆ. ಅವಳೇ ಒಂದೊಂದಕ್ಕೂ ನಗುತ್ತ ಇಂಗ್ಲಿಷ್ ಹೇಳಿಕೊಟ್ಟಳು. ಲೇಜಿ, ಸ್ಟಬ್ಬರ್ನ್, ಡರ್ಟಿ, ಸ್ಲೋ, ಕೇರ್‌ಲೆಸ್. ಬಚ್ಚಲಿಂದ ಓಡುತ್ತ 'ನಾನು ಲೇಜಿ, ನಾನು ಡರ್ಟಿ' ಎಂದು ಹಾಡು ಕಟ್ಟಿಕೊಂಡು ಹೇಳುವಳು. ಅವಳಿಗೆ ಗೊತ್ತಿತ್ತು, ಈ ಮನೆಯಲ್ಲಿ ಬೈಗುಳಕ್ಕೆ ಅರ್ಥವಿಲ್ಲ ಎಂದು.

ಇದನ್ನು ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಇದ್ದದ್ದನ್ನು ಇದೆ ಎಂದು ಯಾರೂ ಹೇಳುವುದಿಲ್ಲ. ಬ್ಯಾರನ್ ತುಂಬ ಸೊಪ್ಪು ಬಂಗಾರದ ಬಣ್ಣಕ್ಕೆ ಬೆಂದಿದ್ದರೂ, ಹೇಗಿದೆ ಬೆಳೆ ಎಂದು ಕೇಳಿದರೆ ಯಜಮಾನರು ಮುಖ ಸಪ್ಪಗೆ ಮಾಡಿ, 'ಏನ್ ಸೊಪ್ಪು ಬುಡಿ, ಈ ಸಲ ಏನೂ ಇಲ್ಲ' ಎನ್ನುತ್ತಾರೆ. ಕೇಳಿದವರಿಗೂ ಅದು ಸುಳ್ಳೆಂದು ಗೊತ್ತು, ಅವರೂ ಹಾಗೇ ಹೇಳುತ್ತಾರೆ. ಬೆಳೆಗೇ ಇಷ್ಟು ಎಂದ ಮೇಲೆ ಮಕ್ಕಳ ವಿಷಯ ಕೇಳಬೇಕೆ? ಯಾರಾದರೂ ನಿಮ್ಮ ಮಗು ಚೆನ್ನಾಗಿದೆ ಎಂದರೆ ತಾಯಿಯಾದವಳು ತಕ್ಷಣ, ಅಯ್ಯೋ ಏನ್ ಚೆನ್ನ, ಒಂದ್ ತುತ್ತು ತಿನ್ನಲ್ಲ, ಹೇಳಿದ ಮಾತು ಕೇಳಲ್ಲ ಎನ್ನಬೇಕು. ಇಲ್ಲದಿದ್ದರೆ ದೃಷ್ಟಿಯಾಗುತ್ತದೆ.

ಮೊದಮೊದಲು ನಾನು ಇದನ್ನೆಲ್ಲ ಅಷ್ಟು ನಂಬುತ್ತಿರಲಿಲ್ಲ. ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಹೊಳೆನರಸೀಪುರದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆವು. ಅಲ್ಲೊಬ್ಬರು ಇವಳನ್ನು ಎತ್ತಿಕೊಂಡು ಬೊಂಬೆ ಬೊಂಬೆ ಎಂದು ಮುದ್ದಾಡಿದರು. ನಾನು ಉಬ್ಬಿಹೋಗಿ, 'ಹುಟ್ದಾಗಿಂದ ಒಂದ್ ದಿನಾನೂ ಜ್ವರ ಅಂತ ಬಂದಿಲ್ಲ' ಎಂದುಬಿಟ್ಟೆ. ವಾಪಸ್ ಬರುವಷ್ಟರಲ್ಲಿ ಮೈ ಕೆಂಡ. ಸಂಜೆಗೆ ಫಿಟ್ಸ್ ಬಂತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಹಲ್ಲು ಕಚ್ಚಿಕೊಂಡು, ನನ್ನ ತೊಡೆಯ ಮೇಲೆ ಮಗು ಮರದ ತುಂಡಿನ ಹಾಗೆ ಸೆಟೆದುಕೊಂಡಿತು. ಆಟೋದಲ್ಲಿ ಆಸ್ಪತ್ರೆ ಮುಟ್ಟುವವರೆಗೆ ನಾನು ಯಾವ ದೇವರನ್ನೂ ಬಿಡಲಿಲ್ಲ. ಡಾಕ್ಟರು ಬಹಳ ಸಮಾಧಾನದಿಂದ, ಜ್ವರ ಏರಿದಾಗ ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ಬೆಳೆದ ಮೇಲೆ ಹೋಗುತ್ತದೆ, ಯಾರ ತಪ್ಪೂ ಅಲ್ಲ ಎಂದರು. ತಲೆ ಆಡಿಸಿದೆ. ಅವರು ಹೇಳಿದ್ದು ಪೂರ್ತಿ ಅರ್ಥವಾಗಿತ್ತು. ಆದರೆ ಆ ಕಣ್ಣುಗುಡ್ಡೆ ನೋಡಿದವಳು ನಾನು. ಅಂದಿನಿಂದ ಯಾರ ಮುಂದೆಯೂ, ಅವಳ ಮುಂದೆಯೂ, ಅವಳ ಬಗ್ಗೆ ಒಂದು ಒಳ್ಳೆಯ ಮಾತು ನನ್ನ ಬಾಯಿಂದ ಬಿದ್ದಿರಲಿಲ್ಲ.

ಇದು ನಾದಿನಿಗೆ ಗೊತ್ತಿರಲಿಲ್ಲ. ಅವಳು ಪ್ರಿನ್ಸಿಪಾಲರು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ಹೇಳಿಕೊಟ್ಟು, 'ಮಗಳ ಬಗ್ಗೆ ಖಂಡಿತ ಕೇಳ್ತಾರೆ. ಮೈ ಡಾಟರ್ ಈಸ್ ಎ ಬ್ರೈಟ್ ಗರ್ಲ್, ಷಿ ವರ್ಕ್ಸ್ ಹಾರ್ಡ್ ಅನ್ನಿ. ಎಲ್ಲಿ, ಒಂದ್ಸಲ ಹೇಳಿ ನೋಡಣ' ಎಂದಳು. ಬ್ರೈಟ್ ನನಗೆ ಗೊತ್ತಿದ್ದ ಪದವೇ. ಒಳ್ಳೆಯ ಬಣ್ಣದ ಸೊಪ್ಪಿಗೆ ಮಾರುಕಟ್ಟೆಯಲ್ಲಿ ಅದೇ ಹೆಸರು. ಆದರೆ ಬಾಯಿ ಬರಲಿಲ್ಲ.

'ಅದು ಬ್ಯಾಡ, ಬೇರೆ ಏನಾದ್ರೂ ಹೇಳ್ಕೊಡು' ಎಂದೆ.

'ಯಾಕತ್ತಿಗೆ?'

'ದೃಷ್ಟಿ ಆಯ್ತದೆ.'

ಅವಳು ಫೋನಿನಲ್ಲಿ ಜೋರಾಗಿ ನಕ್ಕಳು. 'ಇಂಗ್ಲಿಷಲ್ಲೂ ದೃಷ್ಟಿ ಆಗುತ್ತಾ?' ಎಂದಳು.

ನಾನು ನಗಲಿಲ್ಲ. ಎಷ್ಟೋ ದಿನ ಎಲೆ ವಿಂಗಡಿಸುತ್ತ ಅದನ್ನೇ ಯೋಚಿಸಿದೆ. ದೃಷ್ಟಿ ತೆಗೆಯುವಾಗ ಹೇಳುವ ನಾಯಿ ಕಣ್ಣು ನರಿ ಕಣ್ಣಿಗೆ ಇಂಗ್ಲಿಷ್ ಬರುತ್ತದೆಯೇ? ಬರದೆ ಇದ್ದರೂ, ಹೇಳಿದವಳ ಮನಸ್ಸು ಉಬ್ಬಿದ್ದು ಅದಕ್ಕೆ ಗೊತ್ತಾಗದೇ ಇರುತ್ತದೆಯೇ? ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಆ ಎರಡು ಮಾತನ್ನು ಮನಸ್ಸಿನಲ್ಲೇ ಕಲಿಯುವುದು, ತುಟಿ ಅಲ್ಲಾಡಿಸದೆ. ಅಲ್ಲಿ ಕೇಳಿದಾಗ ಒಂದೇ ಒಂದು ಸಲ ಹೇಳಿ ಮುಗಿಸುವುದು.

ಹೋಗುವ ದಿನ ಬೆಳಗ್ಗೆ ಮಗಳ ಜಡೆ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೆಣೆದೆ. ಬಸ್ಸಿನಲ್ಲಿ ಹಾಸನದವರೆಗೂ ಪದಗಳನ್ನು ಎಣಿಸುತ್ತ ಕೂತಿದ್ದೆ. ಒಂದು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಮಗಳು ನನ್ನ ತೊಡೆ ಮೇಲೆ ಕೈಯಿಟ್ಟು, 'ಮರ್ತೋದ್ರೆ ನನ್ನ ನೋಡಮ್ಮ, ನಾನು ಸಣ್ಣಗೆ ಹೇಳ್ಕೊಡ್ತೀನಿ' ಎಂದಳು.

ಪ್ರಿನ್ಸಿಪಾಲರ ಕೋಣೆಯ ಒಂದು ಪಕ್ಕಕ್ಕೆ ಸೋಫಾ ಇತ್ತು. ಮುಂದಿನ ಸರದಿಯವರು ಒಳಗೇ ಕೂತು ಕಾಯುವ ಏರ್ಪಾಡು. ನಾವು ಅಲ್ಲಿ ಕೂತಿದ್ದಾಗ ಪಕ್ಕದಲ್ಲಿದ್ದ ಇನ್ನೊಂದು ಮಗುವಿನ ತಾಯಿ ನನ್ನ ಮಗಳ ಗಲ್ಲ ಹಿಡಿದು, 'ಟೆಸ್ಟಲ್ಲಿ ಎಲ್ಲರಿಗಿಂತ ಮೇಲೆ ಬಂದಿದ್ದು ಈ ಮಗೂನೇ ಅಲ್ವಾ? ಎಷ್ಟು ಲಕ್ಷಣವಾಗಿದ್ದಾಳೆ! ಏನು ಚೂಟಿ ಕಣ್ಣು!' ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಮಗಳನ್ನು ನನ್ನ ಮಗ್ಗುಲಿಗೆ ಎಳೆದುಕೊಂಡೆ. ಅಷ್ಟರಲ್ಲಿ ನಮ್ಮನ್ನು ಕರೆದರು. ಆ ತಾಯಿಯ ಕಣ್ಣು ನಮ್ಮ ಬೆನ್ನ ಮೇಲೇ ಇತ್ತು.

ಪ್ರಿನ್ಸಿಪಾಲರು ಕಾಟನ್ ಸೀರೆಯುಟ್ಟ, ಮೆತ್ತಗೆ ಮಾತಾಡುವ ಹೆಂಗಸು. ಹೆದರಿಸುವಂಥದ್ದು ಅವರಲ್ಲಿ ಏನೂ ಇರಲಿಲ್ಲ, ಆದರೂ ಹೆದರಿದ್ದೆ. ಏನು ಕೆಲಸ ಮಾಡುತ್ತೀರಿ ಎಂದರು. 'ಐ ಆಮ್ ಫಾರ್ಮರ್ ಮೇಡಂ. ಟೊಬ್ಯಾಕೊ, ಜಿಂಜರ್, ಮೇಜ್.' ನನ್ನ ದನಿ ನನಗೇ ಕೇಳಿಸಿತು. ಮನೆಯಲ್ಲಿ ಯಾರು ಯಾರು ಇದ್ದೀರಿ, ಹೋಂವರ್ಕ್ ಯಾರು ನೋಡುತ್ತಾರೆ, ಶಾಲೆಗೆ ಹೇಗೆ ಬರುತ್ತಾಳೆ ಎಂದರು. ಪದಗಳು ಒಂದೊಂದಾಗಿ ಬಂದವು, ಮಗಳ ಮುಖ ನೋಡಬೇಕಾಗಲಿಲ್ಲ. ಯಜಮಾನರು ಕೇಳದಿದ್ದರೂ 'ಎಸ್ ಮೇಡಂ' ಎಂದರು. ಎಲ್ಲ ಮುಗಿಯಿತು ಎನ್ನುವಾಗ ಅವರು ನಗುತ್ತ ಮಗಳ ಕಡೆ ಕೈ ತೋರಿಸಿ, ನಿಮ್ಮ ಮಗಳ ಬಗ್ಗೆ ಹೇಳಿ, ಅವಳಿಗೆ ಏನು ಚೆನ್ನಾಗಿ ಬರುತ್ತದೆ ಎಂದು ಇಂಗ್ಲಿಷಿನಲ್ಲೇ ಕೇಳಿದರು.

ಆ ಎರಡು ಮಾತು ನಾಲಿಗೆಯ ತುದಿಯಲ್ಲಿತ್ತು. ಮರೆತಿರಲಿಲ್ಲ, ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಹಿಂದೆ ಸೋಫಾದಲ್ಲಿ ಆ ತಾಯಿ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ತೊಡೆಯ ಮೇಲೆ ಸೆಟೆದ ಮೈ, ಮೇಲಕ್ಕೆ ಸಿಕ್ಕಿಕೊಂಡ ಕಣ್ಣು ನೆನಪಿಗೆ ಬಂತು. ನನ್ನ ಬಾಯಿ ತಾನೇ ತೆರೆದುಕೊಂಡಿತು.

'ನಥಿಂಗ್ ಮೇಡಂ. ಷಿ ಈಸ್ ನಾಟ್ ಗುಡ್. ವೆರಿ ಲೇಜಿ. ವೆರಿ ಸ್ಟಬ್ಬರ್ನ್. ಷಿ ಡಸ್ ನಾಟ್ ಈಟ್, ಷಿ ಡಸ್ ನಾಟ್ ಲಿಸನ್. ಕೇರ್‌ಲೆಸ್ ಗರ್ಲ್. ಷಿ ಕೆನಾಟ್ ಡೂ ಎನಿಥಿಂಗ್.'

ಎಲ್ಲೂ ತಡವರಿಸಲಿಲ್ಲ. ಅಷ್ಟು ಸಲೀಸಾಗಿ ನಾನು ಇಂಗ್ಲಿಷ್ ಆಡಿದ್ದು ಅದೇ ಮೊದಲು. ಆಡಿ ಮುಗಿಸಿದಾಗ ಮಗು ಬಚಾವಾಯಿತು ಎಂಬಂತೆ ಒಂದು ಗಳಿಗೆ ಮನಸ್ಸು ಹಗುರವಾಯಿತು. ಆಮೇಲೆ ನೋಡಿದರೆ ಪ್ರಿನ್ಸಿಪಾಲರ ಪೆನ್ನು ನಿಂತಿತ್ತು. ಅವರು ಮಗಳ ಕಡೆ ತಿರುಗಿ, 'ಈಸ್ ಇಟ್ ಸೋ?' ಎಂದರು.

ಮಗಳು ನನ್ನನ್ನು ನೋಡಿದಳು. ಆಮೇಲೆ ಮೇಜನ್ನು ನೋಡಿದಳು. 'ಎಸ್ ಮೇಡಂ' ಎಂದಳು.

ತಿಳಿಸುತ್ತೇವೆ ಎಂದು ಕಳಿಸಿದರು. ಹೊರಗೆ ಬಂದ ತಕ್ಷಣ ಯಜಮಾನರು ಗೇಟಿನ ಹತ್ತಿರ ನಿಂತು, 'ಏನಮ್ಮಿ, ಕೊನೇಲಿ ಅಂಗೆ ದಡದಡಾಂತ ಹೊಡ್ದಾಕ್ಬುಟ್ಟೆ! ಆ ಮೇಡಮ್ಮೇ ಬಾಯ್ ಮುಚ್ಕಂಡ್ರು!' ಎಂದು ನನ್ನ ಭುಜ ತಟ್ಟಿದರು. ಅವರಿಗೆ ಒಂದು ಅಕ್ಷರ ಅರ್ಥವಾಗಿರಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಸೀಟು ಹೋಯಿತು, ನನ್ನ ಕೈಯಾರೆ ಕಳೆದೆ ಎಂದುಕೊಳ್ಳುತ್ತ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಅರಕಲಗೂಡಿನ ಬಸ್ಸಿನಲ್ಲಿ ಯಜಮಾನರಿಗೆ ಮುಂದೆ ಸೀಟು ಸಿಕ್ಕಿತು, ನಾವಿಬ್ಬರು ಹಿಂದೆ ಕೂತೆವು. ಮಗಳು ಕಿಟಕಿಗೆ ಹಣೆ ಒತ್ತಿಕೊಂಡಳು. ಕಡಲೆಕಾಯಿ ಕೊಡಿಸಲೇ ಎಂದೆ, ಬೇಡ ಎಂದಳು. ತಲೆ ನೋಯುತ್ತಾ ಎಂದೆ, ಇಲ್ಲ ಎಂದಳು. ನನ್ನ ಭಯ ಆಗ ಬೇರೆ ಕಡೆಗೆ ತಿರುಗಿತು. ನಾನು ಅಷ್ಟು ಹೊತ್ತು ಪ್ರಿನ್ಸಿಪಾಲರು ಏನಂದುಕೊಂಡರೋ ಎಂದು ನಡುಗುತ್ತಿದ್ದೆ. ಪಕ್ಕದಲ್ಲಿದ್ದವಳು ಏನಂದುಕೊಂಡಳು ಎಂದು ಯೋಚಿಸಿಯೇ ಇರಲಿಲ್ಲ.

'ಸೀಟ್ ಸಿಗ್ದಿದ್ರೆ ಬೇರೆ ಸ್ಕೂಲ್ ನೋಡನ ಕಣವ್ವ' ಎಂದೆ.

'ಸೀಟಿಗಲ್ಲ' ಎಂದಳು. ಆಮೇಲೆ ಕಿಟಕಿಗೇ ಹೇಳುವವಳ ಹಾಗೆ, 'ಕನ್ನಡದಲ್ಲಿ ಬೈದ್ರೆ ನೀನು ಸುಮ್ನೆ ಬೈತೀಯ ಅಂತ ನಂಗೊತ್ತು. ಇಂಗ್ಲಿಷ್ ನಿಂಗೆ ಸುಮ್ನೆ ಬರಲ್ಲ. ದಿನಾ ಕಲ್ತು ಕಲ್ತು ಹೋಗಿದ್ದು. ಇದನ್ನ ಹೇಳಕ್ಕೇ ಕಲ್ತ್ಯಾ ಅಮ್ಮ?' ಎಂದಳು.

ಇಲ್ಲ ಕಣವ್ವ, ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ಹಾಗೆ ಹೇಳಿದ್ದು, ನಿನ್ನನ್ನು ಕಾಪಾಡಲು ಹೇಳಿದ್ದು ಎಂದು ತಡಬಡಿಸಿದೆ. ಹೊಳೆನರಸೀಪುರದಲ್ಲಿ ನಡೆದದ್ದನ್ನು ಅವತ್ತೇ ಮೊದಲ ಸಲ ಅವಳಿಗೆ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು.

'ಹಂಗಾದ್ರೆ ನಾನು ಒಳ್ಳೆಯವಳಾ?'

'ಊಂ.'

'ನೀನು ಯಾವತ್ತೂ ಹೇಳೇ ಇಲ್ವಲ್ಲ. ನಂಗೆ ಹೆಂಗೆ ಗೊತ್ತಾಗ್ಬೇಕು?'

ನನ್ನ ಮನಸ್ಸಿನಲ್ಲಿ ಇರುವುದು ಅವಳಿಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದೆ. ಹತ್ತು ವರ್ಷದ ಮಗು, ಅದಕ್ಕೆ ಗೊತ್ತಾಗುವುದು ಕಿವಿಗೆ ಬಿದ್ದದ್ದು ಮಾತ್ರ. ಅವಳನ್ನು ಯಾವ ಕಣ್ಣಿನಿಂದ ಉಳಿಸಿಕೊಂಡೆನೋ ಗೊತ್ತಿಲ್ಲ, ಅವಳನ್ನೇ ಕಳೆದುಕೊಳ್ಳುತ್ತಿದ್ದೇನೆ ಅನ್ನಿಸಿ ಅಳು ಬಂತು.

'ಹೇಳು' ಎಂದಳು.

'ಮನೇಲಿ ಹೇಳ್ತೀನಿ. ಜನ ಅವ್ರೆ.'

'ಅಲ್ಲೂ ಜನ ಇದ್ರು. ಅಲ್ಲಿ ಹೇಳ್ದೆ. ಇಂಗ್ಲಿಷಲ್ಲೇ ಹೇಳು.'

ಕಾಲೇಜಿನಲ್ಲಿ ಎದ್ದು ನಿಂತಾಗಲೂ, ಪ್ರಿನ್ಸಿಪಾಲರ ಮುಂದೆಯೂ ನನಗೆ ಅಷ್ಟು ಭಯವಾಗಿರಲಿಲ್ಲ. ಕೈ ತಾನಾಗಿ ಅವಳ ಕೆನ್ನೆ ಸವರಿ ನೆಟಿಕೆ ಮುರಿಯಲು ಹೋಯಿತು. ಅವಳು ನನ್ನ ಕೈ ಹಿಡಿದುಕೊಂಡಳು. 'ಯು ಆರ್ ಬ್ರೈಟ್' ಎಂದೆ. ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ ಎಂದಳು. ಕಣ್ಣು ಮುಚ್ಚಿಕೊಂಡು ಜೋರಾಗಿ, 'ಯು ಆರ್ ಬ್ರೈಟ್. ಯು ವರ್ಕ್ ಹಾರ್ಡ್. ಯು ಆರ್ ಮೈ ವೆರಿ ಗುಡ್ ಗರ್ಲ್' ಎಂದುಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರೂ ನೋಡಿದ. ಅಷ್ಟೂ ಕಣ್ಣು ಅವಳ ಮೇಲೆ ಬಿತ್ತು. ಅವಳು ನನ್ನ ತೋಳಿಗೆ ಮುಖ ಒತ್ತಿಕೊಂಡು ಊರು ಬರುವವರೆಗೆ ಹಾಗೇ ಇದ್ದಳು.

ಮಾರನೆಯ ದಿನವೆಲ್ಲ ಅವಳ ಹಣೆ ಮುಟ್ಟಿ ಮುಟ್ಟಿ ನೋಡಿದೆ. ಏನೂ ಇರಲಿಲ್ಲ. ಅದರ ಮರುದಿನ ಶಾಲೆಯಿಂದ ಬಂದವಳು ಚೀಲ ಎಸೆದು ಮಲಗಿದಳು. ಮುಟ್ಟಿದರೆ ಮೈ ಸುಡುತ್ತಿತ್ತು.

ಅರಕಲಗೂಡಿನ ಡಾಕ್ಟರು ಈಗ ಎಲ್ಲ ಮಕ್ಕಳಿಗೂ ಇರುವ ವೈರಲ್ ಜ್ವರ, ಸಿರಪ್ಪು ಕೊಡಿ, ತಾನೇ ಇಳಿಯುತ್ತದೆ ಎಂದರು. ಈ ವಯಸ್ಸಿಗೆ ಫಿಟ್ಸ್ ಬರುವುದಿಲ್ಲ ಎಂದು ನಾನು ಕೇಳಿದಷ್ಟು ಸಲವೂ ಹೇಳಿದರು. ಮನೆಗೆ ಬಂದಾಗ ಮೊಬೈಲಿನಲ್ಲಿ ಮೆಸೇಜು ಇತ್ತು. ಸೀಟು ಕೊಟ್ಟಿದ್ದರು. ಯಜಮಾನರು ಅದನ್ನು ಹಿಡಿದುಕೊಂಡು ಊರೆಲ್ಲ ತಿರುಗಿದರು. ಯಾಕೆ ಕೊಟ್ಟರು, ನನ್ನ ಮಾತನ್ನು ಏನೆಂದು ತಿಳಿದರು, ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಅದು ಬೇಕಾಗಿಯೂ ಇರಲಿಲ್ಲ. ಮಗಳು ಕಣ್ಣು ತೆರೆದು ಮೆಸೇಜು ಓದಿ, ನಕ್ಕು, ಮತ್ತೆ ಕಣ್ಣು ಮುಚ್ಚಿದಳು.

ಅತ್ತೆ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದರು. 'ಯಾರ್ ಕಣ್ ಬಿತ್ತೋ ಕಣಮ್ಮಿ, ಆ ಸ್ಕೂಲಿಗೆ ಓಗ್ಬಂದಾಗಿಂದ ಇಂಗೇ ಆಗದೆ' ಎಂದು ಮಗುವಿನ ಮೇಲೆ ಇಳಿ ತೆಗೆಯತೊಡಗಿದರು. ನಾಯಿ ಕಣ್ಣು, ನರಿ ಕಣ್ಣು, ಬಂದೋರ ಕಣ್ಣು, ಹೋದೋರ ಕಣ್ಣು, ಹೆತ್ತೋರ ಕಣ್ಣು ಎಂದರು. ನಾನು ಮಂಚದ ಪಟ್ಟಿ ಹಿಡಿದುಕೊಂಡೆ. ಅತ್ತೆ ಮುಷ್ಟಿಯನ್ನು ಒಲೆಗೆ ಹಾಕಲು ಒಳಗೆ ಹೋದರು.

ಮಗಳು ನನ್ನ ಕೈ ಹುಡುಕಿ ಹಿಡಿದುಕೊಂಡಳು.

'ಅಮ್ಮ, ಬಸ್ಸಲ್ಲಿ ಹೇಳಿದ್ಯಲ್ಲ, ಅದನ್ನ ಈಗ ವಾಪಸ್ ತಗೋತೀಯಾ?'

ತೆಗೆದುಕೊಳ್ಳುವುದು ಎಷ್ಟು ಸುಲಭವಿತ್ತು. ಲೇಜಿ, ಸ್ಟಬ್ಬರ್ನ್, ಎಲ್ಲ ಪದವೂ ಬಾಯಲ್ಲಿ ಸಿದ್ಧವಿತ್ತು. ಒಂದು ಸಲ ಅಂದುಬಿಟ್ಟರೆ ಜ್ವರ ಇಳಿದೇಬಿಡುತ್ತದೆ ಅನ್ನುವಷ್ಟು ಹೆದರಿದ್ದೆ. ಅವಳು ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದಳು.

'ಇಲ್ಲ ಕಣವ್ವ' ಎಂದೆ. 'ತಗೊಳಾದಿಲ್ಲ.'